ಆಳು

ರಾತ್ರಿ ಒಂಬತ್ತಕ್ಕ ಫೋನು ಬರ್ತೈತಿ,
ತಿಕೋಟದ ಆಚಿ ದ್ರಾಕ್ಷಿ ಪಡದವರದು:
"ನಾಳಿಗೆ ಎಷ್ಟ ಆಳು ಕೊಡ್ತಿ?"
"ಹದಿನೆಂಟ್ರೀ" ಅಂತೀನಿ.
ಆ ಹೊತ್ತಿಗೆ ಹದಿನೆಂಟಕ್ಕ ಒಂದೂ ಹೆಸರಿಲ್ಲ,
ಅಂಗಡಿ ಮುಂದಿನ ಉಪ್ಪಿನ ಚೀಲ ಎಣಿಸಿದಂಗ.

ಮುಂಜಾನೆ ಟಂಟಂ ಏರೂಮುಂದ ಹೆಸರು ಬರ್ತಾವು.
ದುಂಡವ್ವ, ಆಕಿ ಹಿಂದ ಆಕಿ ಕೆಮ್ಮು.
ತಾಂಡಾದ ಚಂಪಾಬಾಯಿ, ಆಕಿ ತಂಗಿ.
ತಂಬಾಕಿನ ಡಬ್ಬಿ ಕುಟಗೋತ ಮಾಲನಬಿ.
ಸಾಲಿ ಬಿಟ್ಟ ಒಂದು ಹುಡುಗಿ,
ಹದಿನೆಂಟು ತುಂಬೈತಿ ಅಂತಾಳ. ನಾ ಕೇಳೂದಿಲ್ಲ.
ನೂರು ಹಾಳಿ ವಹಿಯೊಳಗ ಗೆರಿ ಎಳೀತೀನಿ:
ನಾಕು ನಿಂತ ಗೆರಿ, ಐದನೇದು ಅಡ್ಡ.
ಗಂಡಾಳಿಗೆ ಐನೂರು, ಹೆಣ್ಣಾಳಿಗೆ ಇನ್ನೂರೈವತ್ತು.
ಗೆರಿ ಮಾತ್ರ ಎಲ್ಲಾ ಒಂದ ಉದ್ದ.

ಲಾಡ್ಲೇಸಾಬನ ಬಾಜೂಕ ಶಿರಮಗೊಂಡ ಮಾಸ್ತರು ಕುಂತಿರ್ತಾರ,
ರಿಟೈರಾದವರು, ತಮ್ಮ ತುಂಡು ಹೊಲಕ್ಕ ಹೋಗಾವರು.
"ಎಷ್ಟ ಆದ್ವು ಆಳು?"
"ಹದಿನೆಂಟ್ರೀ ಸರ್."
"ನನ್ನ ಹಿಡದು?"
"ನೀವು ಆಳಲ್ರೀ ಸರ್, ನೀವು ಸರ್."
ಅವರು ನಗಲಿಲ್ಲ. ಒಂದು ಹಳ್ಳ ದಾಟೂತನಕ ಸುಮ್ಮನಿದ್ದು
ಪಾಠಕ್ಕ ನಿಂತರು, ಕುಂತಲ್ಲೇ:
ಆಳು ಅಂದ್ರ ಬರೀ ಮನಷಾ ಅಂತಿತ್ತು, ಅಷ್ಟ.
ಅರಸರು ಬಂದ್ರು, ಕತ್ತಿ ಹಿಡದಾಂವ ಆಳಾದ,
ಒಡೆಯನ ಸಲುವಾಗಿ ಸತ್ತು ಬದುವಿನ್ಯಾಗ ಕಲ್ಲಾದ.
ಕತ್ತಿ ಹೋಗಿ ಸಲಿಕಿ ಬಂತು,
ಶಬ್ದ ಮಾತ್ರ ಕೂಲಿ ಬಿಡಲಿಲ್ಲ.
"ಮತ್ತ ರಾಜ್ಯಾ ಆಳೂದು? ಅದೂ ಇದರ ವಂಶದ್ದ ಏನ್ರೀ?"
"ಹೌದು ಅನ್ನಾವರದಾರ. ಇಬ್ಬರೂ ಅಣ್ಣತಮ್ಮ ಆಗಿದ್ರ
ಪಾಲು ಸರಿಯಾಗಿಲ್ಲ ನೋಡು."

ಮಾಸ್ತರು ಗ್ಲಾಸಿನ ಧೂಳಿನ್ಯಾಗ ಬೆರಳು ಇಟ್ಟು
ನಾ ಎಂದೂ ನೋಡದ ಅಕ್ಷರ ಬರದರು: ೞ.
ಆೞ್ ಅಂದ್ರ ಮುಳುಗೂದು, ಒಳಗಿಳಿಯೂದು.
ಆಳ್ ಬ್ಯಾರೆ, ಆೞ್ ಬ್ಯಾರೆ.
ಕಿವಿಯುಳ್ಳವರಿಗೆ ಒಂದು ಕಾಲಕ್ಕ ಎರಡೂ ಬ್ಯಾರೆ ಕೇಳ್ತಿದ್ವು.
ಅಕ್ಷರ ಸತ್ತಮ್ಯಾಗ
ಮನಷಾ ಆದ ಆಳೂ ಬಾವಿಯ ಆಳವೂ
ಒಂದ ಳಕಾರದ ಕಟ್ಟಿಮ್ಯಾಲ ಬಂದು ಕುಂತ್ವು.
ತಿಕೋಟ ಕ್ರಾಸಿಗೆ ಲಾಡ್ಲೇಸಾಬ
ದಾರಿ ಕಾಣವಲ್ದು ಅಂತ ಟಾವೆಲ್ಲಿಲೆ ಒರಸಿದ.
ಇನ್ನೊಮ್ಮೆ ಸತ್ತಿತು.

ಮಧ್ಯಾಹ್ನ ಬುತ್ತಿ ಬಿಚ್ಚೂಮುಂದ ಸಾವಕಾರ ಕೂಗಿದ:
"ಬಾವಿ ಸನೇಕ ಹೋಗಬ್ಯಾಡ್ರಿ, ಐದಾಳು ನೀರೈತಿ!"
ಮಾಲನಬಿ ರೊಟ್ಟಿ ಮುರಕೋತ:
"ಯಾವ ಆಳಿನ ಲೆಕ್ಕಾರೀ, ಗಂಡಾಳಿಂದೋ ಹೆಣ್ಣಾಳಿಂದೋ?
ನಮ್ಮ ಲೆಕ್ಕದಾಗ ಅರ್ಧರೀ. ಹತ್ತಾಳು ನೀರು ಅನ್ರಿ,
ಇಲ್ಲಾ ಪಗಾರ ಸರಿ ಮಾಡ್ರಿ."
ಬಳ್ಳಿ ತುಂಬ ನಗಿ. ಸಾವಕಾರನೂ ನಕ್ಕ,
ಆಮ್ಯಾಲ ನಗೂದು ನಿಲ್ಲಿಸಿ ಮೋಟರ ಚಾಲೂ ಮಾಡಾಕ ಹ್ವಾದ.
ಆ ಹುಡುಗಿ ಒಬ್ಬಾಕಿನ ಎದ್ದು ಬಾವಿ ಕಟ್ಟಿಗೆ ಹೋಗಿ
ಬಗ್ಗಿ ನೋಡಿದಳು.
ಒಳಗ ಒಬ್ಬಾಕಿ ಮ್ಯಾಲ ನೋಡ್ತಿದ್ದಳಂತ,
ಎಷ್ಟು ಆಳದಾಗ ಅಂತ ಗೊತ್ತಾಗಲಿಲ್ಲಂತ.

ಸಂಜಿಗೆ ರೊಕ್ಕ ಹಂಚಿ ವಹಿ ಮುಚ್ಚೂಮುಂದ ಎಣಿಸಿದೆ:
ಹದಿನೆಂಟು ಗೆರಿ.
ನಾ ಎಲ್ಲಿ?
ಒಂದು ಆಳಿಗೆ ಇಪ್ಪತ್ತು ರೂಪಾಯಿ ಹಿಡಿಯಾಕಿ,
ನಾಕು ವರ್ಷದಾಗ ನನಗಂತ ಒಂದು ಗೆರಿ ಎಳದಿಲ್ಲ.
ಅಂಚಿನ್ಯಾಗ ಆ ಅಕ್ಷರ ತಿದ್ದಾಕ ಹ್ವಾದೆ.
ಬರಲಿಲ್ಲ. ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ
ಚಳಿಗೆ ಕುಂತಂಗಾತು.

ಒಂಬತ್ತಕ್ಕ ಫೋನು.
"ಎಷ್ಟ ಆಳು?"
"ದುಂಡವ್ವಗ ಜ್ವರಾರೀ, ಚಂಪಾಬಾಯಿ ತಂಗಿ ತವರಿಗೆ..."
"ಹೆಸರ ಯಾಕ ಬೇಕವ್ವಾ, ನಂಬರ ಹೇಳು."
ಹೇಳಿದೆ, ಹದಿನೇಳಂತ.
ಇಬ್ಬರು ಹ್ವಾದ್ರ ಹದಿನಾರಾಗಬೇಕಿತ್ತು.
ಲೆಕ್ಕ ತಪ್ಪಿಲ್ಲ.